ರೋಗಾಣು ಜಠರದಲ್ಲಿ, ಹುಣ್ಣು ಕರುಳಿನಲ್ಲಿ: ಎಚ್. ಪೈಲೋರಿ ಹಾರ್ಮೋನುಗಳ ಹದ ಕೆಡಿಸುವ ಬಗೆ

ಹೊಟ್ಟೆಹುಣ್ಣಿಗೆ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ ಎನ್ನುವುದು ಈಗ ಹೊಸ ಸುದ್ದಿಯೇನಲ್ಲ. ಆದರೆ ಅದನ್ನು ಒಪ್ಪಿಕೊಂಡ ಮೇಲೂ ಒಂದು ತೊಡಕು ಉಳಿಯುತ್ತದೆ. ಈ ಬ್ಯಾಕ್ಟೀರಿಯಾ ನೆಲೆಸುವುದು ಜಠರದಲ್ಲಿ. ಅದರಿಂದಾಗುವ ಹುಣ್ಣುಗಳಲ್ಲಿ ಎಷ್ಟೋ ಕಾಣಿಸಿಕೊಳ್ಳುವುದು ಜಠರವನ್ನು ದಾಟಿದ ಮೇಲೆ ಸಿಗುವ ಮುಂಗರುಳಿನಲ್ಲಿ, ಅಂದರೆ ವೈದ್ಯರು ಡುಯೋಡಿನಮ್ ಎಂದು ಕರೆಯುವ ಸಣ್ಣ ಕರುಳಿನ ಮೊದಲ ಭಾಗದಲ್ಲಿ. ರೋಗಾಣು ಒಂದು ಕಡೆ ಕುಳಿತು ಗಾಯ ಇನ್ನೊಂದು ಕಡೆ ಆಗುವುದು ಹೇಗೆ? ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯೂ ಇದೆ. ಇದೇ ಬ್ಯಾಕ್ಟೀರಿಯಾ ಕೆಲವರ ಜಠರದಲ್ಲಿ ಆಮ್ಲವನ್ನು ವಿಪರೀತ ಹೆಚ್ಚಿಸುತ್ತದೆ, ಇನ್ನು ಕೆಲವರಲ್ಲಿ ಆಮ್ಲವೇ ಬತ್ತಿಹೋಗುವಂತೆ ಮಾಡುತ್ತದೆ, ಬಹುಪಾಲು ಜನರಲ್ಲಿ ಮಾತ್ರ ಜೀವಮಾನವಿಡೀ ಯಾವ ತೊಂದರೆಯನ್ನೂ ತೋರಗೊಡುವುದಿಲ್ಲ. ಈ ಒಗಟುಗಳನ್ನು ಬಿಡಿಸುವ ಎಳೆ ಜಠರದ ಹಾರ್ಮೋನುಗಳಲ್ಲಿದೆ.

ಮೊದಲು ಜಠರದ ಒಳರಚನೆಯನ್ನು ತಿಳಿದುಕೊಳ್ಳಬೇಕು. ಹೊರಗಿನಿಂದ ಒಂದೇ ಚೀಲದಂತೆ ಕಂಡರೂ ಕೆಲಸದ ದೃಷ್ಟಿಯಿಂದ ಜಠರದಲ್ಲಿ ಎರಡು ಪ್ರದೇಶಗಳಿವೆ. ಮೇಲಿನ ದೊಡ್ಡ ಭಾಗವಾದ ಒಡಲಿನಲ್ಲಿ ಪರೈಟಲ್ ಕೋಶಗಳಿದ್ದು, ಹೈಡ್ರೋಕ್ಲೋರಿಕ್ ಆಮ್ಲವನ್ನು ತಯಾರಿಸುವುದು ಅವುಗಳ ಕೆಲಸ. ಕರುಳಿಗೆ ಹತ್ತಿರವಿರುವ ಕೆಳತುದಿಗೆ ಆಂಟ್ರಮ್ ಎಂದು ಹೆಸರು. ಅಲ್ಲಿ ಆಮ್ಲ ತಯಾರಾಗುವುದಿಲ್ಲ. ಆದರೆ ಎಷ್ಟು ಆಮ್ಲ ಬೇಕೆಂಬ ತೀರ್ಮಾನ ಬಹುಮಟ್ಟಿಗೆ ಅಲ್ಲಿಯೇ ಆಗುತ್ತದೆ. ಆಂಟ್ರಮ್‌ನಲ್ಲಿರುವ ಜಿ ಕೋಶಗಳು ಊಟದ ಪ್ರೋಟೀನು ಬಂದದ್ದನ್ನು ಗುರುತಿಸಿ ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತವೆ. ಈ ಗ್ಯಾಸ್ಟ್ರಿನ್ ಜಠರದ ಒಳಗೆ ಸುರಿಯುವುದಿಲ್ಲ, ರಕ್ತಕ್ಕೆ ಸೇರುತ್ತದೆ. ಕೆಲವೇ ಸೆಂಟಿಮೀಟರ್ ಮೇಲಿರುವ ಒಡಲನ್ನು ತಲುಪಲು ಅದು ಯಕೃತ್ತು, ಹೃದಯ, ಶ್ವಾಸಕೋಶಗಳನ್ನೆಲ್ಲ ಹಾದು, ದೇಹದ ರಕ್ತಸಂಚಾರದ ಒಂದು ಸುತ್ತು ಮುಗಿಸಿಯೇ ಬರಬೇಕು. ಅಲ್ಲಿಗೆ ಬಂದ ಮೇಲೆ ಅದು ಇಸಿಎಲ್ ಎಂಬ ಕೋಶಗಳಿಂದ ಹಿಸ್ಟಮಿನ್ ಹೊರಬರುವಂತೆ ಮಾಡುತ್ತದೆ, ಆ ಹಿಸ್ಟಮಿನ್ ಪಕ್ಕದ ಪರೈಟಲ್ ಕೋಶಗಳನ್ನು ಆಮ್ಲ ಸ್ರವಿಸಲು ಪ್ರಚೋದಿಸುತ್ತದೆ. ರಾನಿಟಿಡಿನ್‌ನಂಥ ಹಳೆಯ ಮಾತ್ರೆಗಳು ತಡೆಯುತ್ತಿದ್ದುದು ಈ ಹಿಸ್ಟಮಿನ್ ಹಂತವನ್ನು. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳು ಅದಕ್ಕೂ ಮುಂದೆ ಹೋಗಿ ಪರೈಟಲ್ ಕೋಶದಲ್ಲಿರುವ ಆಮ್ಲದ ಪಂಪನ್ನೇ ನಿಲ್ಲಿಸುತ್ತವೆ.

ಗ್ಯಾಸ್ಟ್ರಿನ್ ಇದೆಯೆಂದು ಲಂಡನ್ನಿನ ಜಾನ್ ಎಡ್ಕಿನ್ಸ್ 1905ರಲ್ಲಿಯೇ ಹೇಳಿದ್ದರೂ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ತೋರಿಸಲು 1964ರವರೆಗೆ, ಲಿವರ್‌ಪೂಲಿನ ಗ್ರೆಗರಿ ಮತ್ತು ಟ್ರೇಸಿ ಅವರವರೆಗೆ, ಕಾಯಬೇಕಾಯಿತು. ಈ ಒಂದು ಹಾರ್ಮೋನು ಮಿತಿಮೀರಿದರೆ ಏನಾಗುತ್ತದೆಂಬುದಕ್ಕೆ ಅಷ್ಟರಲ್ಲಾಗಲೇ ಸಾಕ್ಷಿ ಸಿಕ್ಕಿತ್ತು. 1955ರಲ್ಲಿ ಅಮೆರಿಕದ ಜೋಲಿಂಜರ್ ಮತ್ತು ಎಲಿಸನ್ ಎಂಬ ಶಸ್ತ್ರವೈದ್ಯರು ಮೇದೋಜೀರಕದಲ್ಲಿ ಗಡ್ಡೆ ಬೆಳೆದು, ಅದರೊಂದಿಗೆ ಹುಣ್ಣುಗಳು ಎಷ್ಟು ಚಿಕಿತ್ಸೆ ಮಾಡಿದರೂ ಮರುಕಳಿಸುತ್ತಿದ್ದ ರೋಗಿಗಳ ಬಗ್ಗೆ ವರದಿ ಮಾಡಿದರು. ಆ ಗಡ್ಡೆಗಳು ಗ್ಯಾಸ್ಟ್ರಿನನ್ನು ಲಗಾಮಿಲ್ಲದೆ ಸ್ರವಿಸುತ್ತಿದ್ದವೆಂದು ಮುಂದೆ ಗೊತ್ತಾಯಿತು. ಇದು ಬಹಳ ಅಪರೂಪದ ಕಾಯಿಲೆ. ಆದರೂ ಬ್ಯಾಕ್ಟೀರಿಯಾದ ಹಂಗಿಲ್ಲದೆ ಗ್ಯಾಸ್ಟ್ರಿನ್ ಒಂದೇ ಹುಣ್ಣು ಮಾಡಬಲ್ಲದೆಂದು ಅದು ತೋರಿಸಿಕೊಟ್ಟಿತು.

ಆರೋಗ್ಯವಂತರಲ್ಲಿ ಹೀಗಾಗದಿರಲು ಕಾರಣ ಆಂಟ್ರಮ್‌ನಲ್ಲಿಯೇ ಇರುವ ಡಿ ಕೋಶಗಳು. ಜಠರದ ಆಮ್ಲತೆ ಏರಿ ಪಿಎಚ್ ಸುಮಾರು 3ಕ್ಕಿಂತ ಕೆಳಗಿಳಿದಾಗ ಈ ಕೋಶಗಳು ಸೊಮಾಟೊಸ್ಟಾಟಿನ್ ಎಂಬ ಹಾರ್ಮೋನನ್ನು ಹೊರಬಿಡುತ್ತವೆ. ಅದು ದೂರವೇನೂ ಹೋಗಬೇಕಿಲ್ಲ. ಪಕ್ಕದಲ್ಲೇ ಇರುವ ಜಿ ಕೋಶಗಳನ್ನು ತಲುಪಿ ಗ್ಯಾಸ್ಟ್ರಿನ್ ಉತ್ಪಾದನೆಯನ್ನು ತಗ್ಗಿಸುತ್ತದೆ. ಮನೆಯ ಮೇಲಿನ ನೀರಿನ ಟ್ಯಾಂಕು ತುಂಬಿದೊಡನೆ ಮೋಟಾರನ್ನು ತಾನಾಗಿ ನಿಲ್ಲಿಸುವ ಸ್ವಿಚ್ಚಿನ ಹಾಗೆ, ಆಮ್ಲವೇ ಆಮ್ಲದ ಉತ್ಪಾದನೆಯನ್ನು ನಿಲ್ಲಿಸುವ ಏರ್ಪಾಡು ಇದು. ಎಚ್. ಪೈಲೋರಿ ಕೆಡಿಸುವುದು ಈ ಸ್ವಿಚ್ಚನ್ನು.

ಹಾಗೆ ಕೆಡಿಸಲು ಅದು ಮೊದಲು ಆಮ್ಲದಲ್ಲಿ ಬದುಕುಳಿಯಬೇಕು. ಬೇರೆ ಬ್ಯಾಕ್ಟೀರಿಯಾಗಳು ಸತ್ತುಹೋಗುವ ಜಠರದಲ್ಲಿ ಇದು ಯೂರಿಯೇಸ್ ಎಂಬ ಕಿಣ್ವದ ಬಲದಿಂದ ಉಳಿದುಕೊಳ್ಳುತ್ತದೆ. ದೇಹದ್ರವಗಳಲ್ಲಿ ಸಹಜವಾಗಿ ಇರುವ ಯೂರಿಯಾವನ್ನು ಈ ಕಿಣ್ವ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಅಮೋನಿಯಾ ಕ್ಷಾರೀಯವಾದ್ದರಿಂದ ಬ್ಯಾಕ್ಟೀರಿಯಾದ ಸುತ್ತಲಿನ ಆಮ್ಲ ಅಷ್ಟರ ಮಟ್ಟಿಗೆ ತಟಸ್ಥವಾಗುತ್ತದೆ. ಆ ರಕ್ಷಣೆಯಲ್ಲಿ ಅದು ತನ್ನ ಸುರುಳಿ ಮೈ ಮತ್ತು ಚಾವಟಿಯಂಥ ಎಳೆಗಳಿಂದ ಲೋಳೆಪದರವನ್ನು ಕೊರೆದುಕೊಂಡು ಹೋಗಿ, ಜಠರದ ಕೋಶಗಳ ಮೈಗೆ ಅಂಟಿಕೊಳ್ಳುತ್ತದೆ. ಆಮ್ಲ ಚೆನ್ನಾಗಿ ಸ್ರವಿಸುವ ಜಠರದಲ್ಲಿ ಅದಕ್ಕೆ ಹೆಚ್ಚು ಹಿತವಾದ ಜಾಗ ಆಂಟ್ರಮ್. ಸೋಂಕು ಸಾಮಾನ್ಯವಾಗಿ ಬಾಲ್ಯದಲ್ಲಿ, ಹೆಚ್ಚಾಗಿ ಮನೆಯವರಿಂದಲೇ ತಗಲುತ್ತದೆ, ಚಿಕಿತ್ಸೆ ಮಾಡದಿದ್ದರೆ ತಾನಾಗಿ ಹೋಗುವುದು ಅಪರೂಪ.

ಎಂಡೋಸ್ಕೋಪಿ ಕೋಣೆಯಲ್ಲಿ ಈ ಯೂರಿಯೇಸನ್ನು ಕಣ್ಣಾರೆ ನೋಡಬಹುದು. ವೈದ್ಯರು ಆಂಟ್ರಮ್‌ನಿಂದ ಅಕ್ಕಿನುಚ್ಚಿನಷ್ಟು ಗಾತ್ರದ ಒಂದು ಚೂರನ್ನು ಚಿಮಟದಲ್ಲಿ ಕಿತ್ತು, ಯೂರಿಯಾ ಬೆರೆಸಿದ ಹಳದಿ ಬಣ್ಣದ ಜೆಲ್ಲಿನಲ್ಲಿ ಹುದುಗಿಸಿಡುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅಮೋನಿಯಾ ಹುಟ್ಟಿ, ಚೂರಿನ ಸುತ್ತ ಮೊದಲು ತೆಳ್ಳಗೆ ಗುಲಾಬಿ ಬಣ್ಣ ಮೂಡುತ್ತದೆ, ಬರಬರುತ್ತ ಇಡೀ ಜೆಲ್ ಕೆಂಪಗಾಗುತ್ತದೆ. ಸೋಂಕು ಜೋರಾಗಿದ್ದರೆ ಇದು ನಿಮಿಷಗಳ ಕೆಲಸ. ಲಕ್ಷಾಂತರ ವರ್ಷಗಳ ವಿಕಾಸದಲ್ಲಿ ಬ್ಯಾಕ್ಟೀರಿಯಾ ತನ್ನ ಪ್ರಾಣ ಉಳಿಸಿಕೊಳ್ಳಲು ರೂಢಿಸಿಕೊಂಡ ಉಪಾಯವೇ ಅದನ್ನು ಹಿಡಿದುಕೊಡುವುದರಲ್ಲಿ ಒಂದು ಬಗೆಯ ವಿಡಂಬನೆ ಇದೆ.

ಆಂಟ್ರಮ್‌ನಲ್ಲಿ ನೆಲೆನಿಂತ ಬ್ಯಾಕ್ಟೀರಿಯಾದ ವಿರುದ್ಧ ದೇಹದ ರಕ್ಷಣಾಕೋಶಗಳು ಮುತ್ತಿಗೆ ಹಾಕುತ್ತವೆ. ಈ ಉರಿಯೂತದ ರಾಸಾಯನಿಕಗಳ ನಡುವೆ ಡಿ ಕೋಶಗಳು ಸೊರಗುತ್ತವೆ. ಅವುಗಳ ಸಂಖ್ಯೆಯೂ, ಅವು ತಯಾರಿಸುವ ಸೊಮಾಟೊಸ್ಟಾಟಿನ್ ಪ್ರಮಾಣವೂ ಇಳಿಯುತ್ತದೆ. ಅದೇ ರಾಸಾಯನಿಕಗಳಲ್ಲಿ ಕೆಲವು ಜಿ ಕೋಶಗಳನ್ನು ನೇರವಾಗಿಯೇ ಪ್ರಚೋದಿಸುತ್ತವೆ. ತಡೆಯುವವರು ಕಡಿಮೆಯಾಗಿ, ಪ್ರಚೋದಿಸುವವರು ಹೆಚ್ಚಾದಾಗ ರಕ್ತದಲ್ಲಿ ಗ್ಯಾಸ್ಟ್ರಿನ್ ಏರುತ್ತದೆ. 1989ರಲ್ಲಿ ಲಂಡನ್ನಿನ ಸಂಶೋಧಕರ ತಂಡವೊಂದು ಸೋಂಕಿಗೂ ಗ್ಯಾಸ್ಟ್ರಿನ್ ಏರಿಕೆಗೂ ಇರುವ ಈ ನಂಟನ್ನು ಪ್ರಕಟಿಸಿತು. ಬ್ಯಾಕ್ಟೀರಿಯಾದ ಅಮೋನಿಯಾ ಆಂಟ್ರಮ್‌ನ ಮೇಲ್ಮೈಯಲ್ಲಿ ಆಮ್ಲವನ್ನು ತಟಸ್ಥಗೊಳಿಸಿ, ಡಿ ಕೋಶಗಳಿಗೆ ಆಮ್ಲದ ಸುಳಿವೇ ಸಿಗದಂತೆ ಮಾಡುತ್ತಿರಬಹುದೆಂದು ಆಗ ಊಹಿಸಲಾಗಿತ್ತು. ಕೇಳಲು ಸೊಗಸಾದ ಊಹೆ. ಆದರೆ ಅಮೋನಿಯಾಕ್ಕಿಂತ ಉರಿಯೂತದ ಪಾತ್ರವೇ ದೊಡ್ಡದೆಂಬ ಕಡೆಗೆ ನಂತರದ ಪ್ರಯೋಗಗಳು ವಾಲಿದವು.

ಗ್ಯಾಸ್ಟ್ರಿನ್ ಏರಿಕೆ ಒಂದೇ ಹುಣ್ಣಿಗೆ ಸಾಕೆ ಎಂಬ ಪ್ರಶ್ನೆಗೆ ಗ್ಲಾಸ್ಗೋದ ಕೆನೆತ್ ಮೆಕಾಲ್, ಇಮಾದ್ ಎಲ್-ಒಮರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ಒಳ್ಳೆಯ ಉತ್ತರ ಕೊಟ್ಟವು. ಊಟದ ನಂತರದ ಸ್ಥಿತಿಯನ್ನು ಹೋಲುವಂತೆ, ಗ್ಯಾಸ್ಟ್ರಿನ್ ಬಿಡುಗಡೆ ಮಾಡಿಸುವ ಪೆಪ್ಟೈಡ್ ಒಂದನ್ನು ರಕ್ತನಾಳದ ಮೂಲಕ ಕೊಟ್ಟು ಆಮ್ಲದ ಸ್ರಾವವನ್ನು ಅವರು ಅಳೆದರು. ಸೋಂಕಿಲ್ಲದ ಆರೋಗ್ಯವಂತರಿಗೆ ಹೋಲಿಸಿದರೆ, ಸೋಂಕಿದ್ದೂ ಹುಣ್ಣಿಲ್ಲದವರಲ್ಲಿ ಆಮ್ಲ ಸುಮಾರು 3 ಪಟ್ಟು, ಮುಂಗರುಳಿನ ಹುಣ್ಣಿದ್ದವರಲ್ಲಿ ಸುಮಾರು 6 ಪಟ್ಟು ಬಂದಿತ್ತು. ಅಂದರೆ ಸೋಂಕು ಎಲ್ಲರಲ್ಲೂ ಹಿಡಿತವನ್ನು ಸಡಿಲಿಸುತ್ತದೆ. ಆದರೆ ಆಮ್ಲ ಸ್ರವಿಸುವ ಶಕ್ತಿ ಹುಟ್ಟಿನಿಂದಲೋ ಗ್ಯಾಸ್ಟ್ರಿನ್‌ನ ದೀರ್ಘಕಾಲದ ಪೋಷಣೆಯಿಂದಲೋ ಹೆಚ್ಚಾಗಿರುವವರಲ್ಲಿ ಅದರ ಪರಿಣಾಮ ಕೈಮೀರುತ್ತದೆ.

ಈಗ ಮೊದಲಿನ ಒಗಟಿಗೆ ಉತ್ತರ ಹೇಳಬಹುದು. ಹೆಚ್ಚಾದ ಆಮ್ಲ ಜಠರದಲ್ಲೇ ನಿಲ್ಲದೆ ಮುಂಗರುಳಿಗೆ ಇಳಿಯುತ್ತದೆ. ಮುಂಗರುಳಿನ ಒಳಪದರ ಆಮ್ಲವನ್ನು ತಾಳಿಕೊಳ್ಳಲು ರೂಪುಗೊಂಡದ್ದಲ್ಲ. ಅದು ಬೈಕಾರ್ಬನೇಟ್ ಸ್ರವಿಸಿ ಬಂದ ಆಮ್ಲವನ್ನು ತಣಿಸಿಕೊಳ್ಳುತ್ತದೆ. ದಿನವೂ ಮಿತಿಮೀರಿ ಆಮ್ಲ ಬೀಳತೊಡಗಿದಾಗ ಅದು ಆತ್ಮರಕ್ಷಣೆಗೆ ಅಲ್ಲಲ್ಲಿ ಜಠರದ ಒಳಪದರದ ರೂಪವನ್ನು ತಾಳುತ್ತದೆ. ಇದಕ್ಕೆ ಗ್ಯಾಸ್ಟ್ರಿಕ್ ಮೆಟಾಪ್ಲೇಸಿಯಾ ಎನ್ನುತ್ತಾರೆ. ದುರದೃಷ್ಟವೆಂದರೆ ಎಚ್. ಪೈಲೋರಿ ಅಂಟಿಕೊಳ್ಳಬಲ್ಲದ್ದು ಜಠರದ ಬಗೆಯ ಕೋಶಗಳಿಗೆ ಮಾತ್ರ. ಕರುಳಿನಲ್ಲಿ ಅದುವರೆಗೆ ಇಲ್ಲದಿದ್ದ ನೆಲೆಯನ್ನು ಈ ರೂಪಾಂತರ ಅದಕ್ಕೆ ಒದಗಿಸಿಕೊಡುತ್ತದೆ. ಬ್ಯಾಕ್ಟೀರಿಯಾ ಅಲ್ಲಿಗೂ ಹಬ್ಬಿ ಉರಿಯೂತ ತರುತ್ತದೆ, ಬೈಕಾರ್ಬನೇಟ್ ಸ್ರಾವ ಕುಗ್ಗುತ್ತದೆ, ದುರ್ಬಲವಾದ ಆ ಜಾಗವನ್ನು ಆಮ್ಲವೂ ಪೆಪ್ಸಿನ್ ಕಿಣ್ವವೂ ಸೇರಿ ಕೊರೆಯುತ್ತವೆ. ಆಮ್ಲವಿಲ್ಲದೆ ಹುಣ್ಣಿಲ್ಲ ಎಂದು 1910ರಲ್ಲಿ ಕಾರ್ಲ್ ಶ್ವಾರ್ಜ್ ಹೇಳಿದ್ದ ಮಾತು ಬ್ಯಾಕ್ಟೀರಿಯಾ ಪತ್ತೆಯಾದ ಮೇಲೆ ಸುಳ್ಳಾಯಿತೆಂದು ತಿಳಿಯುವವರಿದ್ದಾರೆ. ನನ್ನ ಎಣಿಕೆಯಲ್ಲಿ ಅದು ಸುಳ್ಳಾಗಲಿಲ್ಲ. ಆಮ್ಲ ಏಕೆ ಹೆಚ್ಚಿತೆಂಬ ಮುಂದಿನ ಪ್ರಶ್ನೆಗೆ ಉತ್ತರ ಸೇರಿತಷ್ಟೆ.

ಆದರೆ ಇದು ಆಂಟ್ರಮ್‌ಗೆ ಸೀಮಿತವಾದ ಸೋಂಕಿನ ಕಥೆ. ಉರಿಯೂತ ಮೇಲಕ್ಕೆ ಹಬ್ಬಿ ಒಡಲನ್ನೂ ಆವರಿಸಿದರೆ ಎಲ್ಲವೂ ತಿರುಗುಮುರುಗಾಗುತ್ತದೆ. ಉರಿಯೂತದಲ್ಲಿ ಹುಟ್ಟುವ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಪ್ರೋಟೀನು ಆಮ್ಲಸ್ರಾವವನ್ನು ಅತ್ಯಂತ ಬಲವಾಗಿ ತಡೆಯುವ ವಸ್ತುಗಳಲ್ಲಿ ಒಂದು. ಸೋಂಕು ತಗಲಿದ ಹೊಸತರಲ್ಲಿ ಹೀಗಾಗುವುದನ್ನು ವೈದ್ಯರು ಅರಿಯದೆಯೇ ಕಂಡಿದ್ದರು: ಅಮೆರಿಕದ ಡಲ್ಲಾಸ್‌ನಲ್ಲಿ ಆಮ್ಲಸ್ರಾವದ ಅಧ್ಯಯನಕ್ಕೆ ಒಳಪಟ್ಟಿದ್ದ ಆರೋಗ್ಯವಂತ ಸ್ವಯಂಸೇವಕರಲ್ಲಿ ಹಲವರ ಜಠರದಲ್ಲಿ ಒಮ್ಮೆಲೇ ಆಮ್ಲ ಬತ್ತಿ, ತಿಂಗಳುಗಟ್ಟಲೆ ಹಾಗೆಯೇ ಉಳಿದದ್ದನ್ನು 1979ರ ವರದಿಯೊಂದು ದಾಖಲಿಸಿತು. ಕಾರಣ ಆಗ ತಿಳಿಯಲಿಲ್ಲ. ಅದು ಎಚ್. ಪೈಲೋರಿ ಸೋಂಕೆಂದು ಗೊತ್ತಾದದ್ದು ವರ್ಷಗಳ ನಂತರ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದ ಮೇಲೆ. ಅವರ ಕಥೆ ಪ್ರಸಿದ್ಧ: 1982ರ ಈಸ್ಟರ್ ರಜೆಯಲ್ಲಿ ಎಂದಿಗಿಂತ ಹೆಚ್ಚು ದಿನ ಇನ್‌ಕ್ಯುಬೇಟರಿನಲ್ಲಿ ಉಳಿದುಹೋದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಮೊದಲ ಬಾರಿಗೆ ಬೆಳೆಯಿತು; 1984ರಲ್ಲಿ ಮಾರ್ಷಲ್ ಅದನ್ನು ಸ್ವತಃ ಕುಡಿದು ಜಠರದ ಉರಿಯೂತ ತಂದುಕೊಂಡರು; 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮಾರ್ಷಲ್‌ಗೆ ಬಂದದ್ದು ಉರಿಯೂತವೇ ಹೊರತು ಹುಣ್ಣಲ್ಲ ಎಂಬುದನ್ನು ಮಾತ್ರ ಈ ಕಥೆ ಹೇಳುವವರು ಎಷ್ಟೋ ಸಲ ಬಿಟ್ಟುಬಿಡುತ್ತಾರೆ.

ಒಡಲಿನ ಉರಿಯೂತ ದಶಕಗಳ ಕಾಲ ಮುಂದುವರಿದರೆ ಪರೈಟಲ್ ಕೋಶಗಳೇ ನಶಿಸಿ, ಒಳಪದರ ತೆಳುವಾಗಿ ಸೊರಗುತ್ತದೆ. ಆಗ ರಕ್ತಪರೀಕ್ಷೆ ಮಾಡಿದರೆ ಗ್ಯಾಸ್ಟ್ರಿನ್ ಹೆಚ್ಚಾಗಿಯೇ ಇರುತ್ತದೆ. ಜಠರದಲ್ಲಿ ಆಮ್ಲವೇ ಇಲ್ಲವಾದ್ದರಿಂದ ಡಿ ಕೋಶಗಳಿಗೆ ಕೆಲಸವಿಲ್ಲ, ಜಿ ಕೋಶಗಳನ್ನು ತಡೆಯುವವರಿಲ್ಲ. ಹಾರ್ಮೋನು ಕೂಗುತ್ತಲೇ ಇರುತ್ತದೆ, ಕೇಳಿಸಿಕೊಳ್ಳಬೇಕಾದ ಕೋಶಗಳು ಉಳಿದಿರುವುದಿಲ್ಲ. ಗ್ಯಾಸ್ಟ್ರಿನ್ ಪ್ರಮಾಣವೊಂದನ್ನೇ ನೋಡಿ ಆಮ್ಲ ಹೆಚ್ಚಿದೆಯೋ ಕಡಿಮೆಯಿದೆಯೋ ಎಂದು ಹೇಳಲಾಗದಿರುವುದು ಇದೇ ಕಾರಣಕ್ಕೆ. ಇಂಥ ಜಠರದಲ್ಲಿ ಮುಂಗರುಳಿನ ಹುಣ್ಣು ಆಗುವುದಿಲ್ಲ. ಆದರೆ ರಕ್ಷಣೆ ಕಳೆದುಕೊಂಡ ಒಳಪದರದಲ್ಲಿ ಅಲ್ಪಸ್ವಲ್ಪ ಆಮ್ಲವೇ ಜಠರದ ಹುಣ್ಣು ತರಬಹುದು, ಮುಂದೆ ಕ್ಯಾನ್ಸರಿನ ಸಾಧ್ಯತೆಯೂ ಹೆಚ್ಚುತ್ತದೆ. 1996ರಲ್ಲಿ ಪ್ರಕಟವಾದ ಸ್ವೀಡನ್ನಿನ ದೊಡ್ಡ ಅಧ್ಯಯನವೊಂದು ಇದನ್ನು ಬಹಳ ಸ್ಪಷ್ಟವಾಗಿ ತೋರಿಸಿತು: ಸಾಮಾನ್ಯ ಜನರಿಗೆ ಹೋಲಿಸಿದರೆ ಜಠರದ ಹುಣ್ಣಿದ್ದವರಲ್ಲಿ ಜಠರದ ಕ್ಯಾನ್ಸರ್ 1.8 ಪಟ್ಟು ಇತ್ತು, ಮುಂಗರುಳಿನ ಹುಣ್ಣಿದ್ದವರಲ್ಲಿ 0.6 ಪಟ್ಟು ಮಾತ್ರ. ಒಂದೇ ಬ್ಯಾಕ್ಟೀರಿಯಾದಿಂದ ಬರುವ ಎರಡು ಕಾಯಿಲೆಗಳು ಒಂದನ್ನೊಂದು ದೂರವಿಡುವಂತೆ ಕಾಣುವುದು ಜಠರದ ಯಾವ ಭಾಗ ಕೆಟ್ಟಿದೆ ಎಂಬುದರಿಂದ.

ಯಾರಲ್ಲಿ ಸೋಂಕು ಯಾವ ದಾರಿ ಹಿಡಿಯುತ್ತದೆಂಬುದನ್ನು ನಿರ್ಧರಿಸುವ ಸಂಗತಿಗಳು ಹಲವು. ಇಂಟರ್‌ಲ್ಯೂಕಿನ್-1 ಬೀಟಾವನ್ನು ಹೆಚ್ಚಾಗಿ ತಯಾರಿಸುವ ವಂಶವಾಹಿ ರೂಪಗಳಿರುವವರಲ್ಲಿ ಆಮ್ಲ ಬತ್ತುವ ಮತ್ತು ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚೆಂದು ಎಲ್-ಒಮರ್ ತಂಡ 2000ದಲ್ಲಿ ತೋರಿಸಿತು. ಕ್ಯಾಗ್-ಎ ಎಂಬ ಪ್ರೋಟೀನು ತಯಾರಿಸುವ ತಳಿಯ ಬ್ಯಾಕ್ಟೀರಿಯಾ ಹೆಚ್ಚು ಉಗ್ರವಾದ ಉರಿಯೂತ ತರುತ್ತದೆ. ಧೂಮಪಾನ, ಅತಿಯಾದ ಉಪ್ಪು ಕೂಡ ತಮ್ಮ ಪಾಲು ಸೇರಿಸುತ್ತವೆ.

ಆಹಾರದ ವಿಚಾರದಲ್ಲಿ ಮೈಸೂರನ್ನು ನೆನೆಯಲೇಬೇಕು. 1950 ಮತ್ತು 60ರ ದಶಕಗಳಲ್ಲಿ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ಅಂದರೆ ನಮ್ಮವರ ಮಿಷನ್ ಆಸ್ಪತ್ರೆಯಲ್ಲಿ, ಶಸ್ತ್ರವೈದ್ಯರಾಗಿದ್ದ ಫ್ರಾಂಕ್ ಟೋವಿ ಅವರು ಮುಂಗರುಳಿನ ಹುಣ್ಣಿನ ರೋಗಿಗಳನ್ನು ಬಹಳವಾಗಿ ಕಂಡರು. ಅಕ್ಕಿ ಮುಖ್ಯ ಆಹಾರವಾದ ದಕ್ಷಿಣ ಭಾರತದಲ್ಲಿ ಈ ಕಾಯಿಲೆ ಹೆಚ್ಚು, ಗೋಧಿ ತಿನ್ನುವ ಪಂಜಾಬಿನಂಥ ಉತ್ತರದ ಪ್ರದೇಶಗಳಲ್ಲಿ ಕಡಿಮೆ ಎಂಬುದನ್ನು ಗುರುತಿಸಿ ದಶಕಗಳ ಕಾಲ ಅದರ ಬೆನ್ನು ಹತ್ತಿದರು. ಮುಂದೆ ಎಚ್. ಪೈಲೋರಿ ಪತ್ತೆಯಾದಾಗ ಈ ವ್ಯತ್ಯಾಸ ಅದರಿಂದಲೇ ಬಂದಿರಬಹುದೆಂದು ತೋರಿತು. ಆದರೆ ಸೋಂಕು ದೇಶದ ಎರಡೂ ಕಡೆ ವ್ಯಾಪಕವಾಗಿಯೇ ಇತ್ತು. ಟೋವಿ ಮತ್ತು ಸಂಗಡಿಗರು ಕೆಲವು ಆಹಾರಗಳಲ್ಲಿರುವ ಕೊಬ್ಬಿನಂಶ ಒಳಪದರವನ್ನು ಕಾಪಾಡುತ್ತಿರಬಹುದೆಂದು ವಾದಿಸಿದರು. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಅಂಥ ರಕ್ಷಣೆ ಕಂಡ ಧಾನ್ಯಗಳಲ್ಲಿ ನಮ್ಮ ಹುರುಳಿಯೂ ಒಂದು. ಹುರುಳಿ ಸಾರು ಕುಡಿದರೆ ಹುಣ್ಣು ಮಾಯುತ್ತದೆಂದು ಇದರಿಂದ ಅರ್ಥೈಸಬಾರದು, ಮನುಷ್ಯರಲ್ಲಿ ಅದು ಚಿಕಿತ್ಸೆಯಾಗಿ ಸಾಬೀತಾಗಿಲ್ಲ. ಆದರೆ ಸೋಂಕಿಗೂ ಹುಣ್ಣಿಗೂ ನಡುವೆ ಇನ್ನೂ ಬೇರೆ ಸಂಗತಿಗಳು ಕೆಲಸ ಮಾಡುತ್ತವೆಂಬ ಅವರ ಮಾತಿನಲ್ಲಿ ಹುರುಳಿದೆ. ಸೋಂಕು ತಗಲಿದವರಲ್ಲಿ ಜೀವಮಾನದಲ್ಲಿ ಎಂದಾದರೂ ಹುಣ್ಣು ಆಗುವುದು ಸುಮಾರು ಶೇ 10ರಿಂದ 20 ಮಂದಿಗೆ ಮಾತ್ರ.

ಹಸಿವಿನ ಹಾರ್ಮೋನಾದ ಗ್ರೆಲಿನ್ ಬಗ್ಗೆಯೂ ಒಂದು ಮಾತು. 1999ರಲ್ಲಿ ಜಪಾನಿನಲ್ಲಿ ಪತ್ತೆಯಾದ ಇದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸೋಂಕಿರುವವರ ರಕ್ತದಲ್ಲಿ, ವಿಶೇಷವಾಗಿ ಒಳಪದರ ಸೊರಗಿದವರಲ್ಲಿ, ಇದರ ಪ್ರಮಾಣ ಕಡಿಮೆಯಿರುತ್ತದೆ. ಚಿಕಿತ್ಸೆಯ ನಂತರ ಕೆಲವರ ತೂಕ ಏರುವುದುಂಟು. ಅದಕ್ಕೆ ಗ್ರೆಲಿನ್ ಮರಳುವುದು ಕಾರಣವೋ, ಹೊಟ್ಟೆನೋವು ಹೋಗಿ ಊಟ ಸೇರುವುದು ಕಾರಣವೋ ಎಂಬುದರಲ್ಲಿ ಅಧ್ಯಯನಗಳ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ.

ಚಿಕಿತ್ಸೆಯ ತರ್ಕ ಈ ಹಾರ್ಮೋನುಗಳ ಲೆಕ್ಕಾಚಾರದಿಂದಲೇ ಹೊಮ್ಮುತ್ತದೆ. ಒಂದು ಕಾಲಕ್ಕೆ ಶಸ್ತ್ರವೈದ್ಯರು ಹುಣ್ಣಿಗಾಗಿ ಆಂಟ್ರಮ್ಮನ್ನೇ ಕತ್ತರಿಸಿ ತೆಗೆಯುತ್ತಿದ್ದರು, ಅಂದರೆ ಗ್ಯಾಸ್ಟ್ರಿನ್‌ನ ಮೂಲವನ್ನೇ ಇಲ್ಲವಾಗಿಸುತ್ತಿದ್ದರು. ಮಾತ್ರೆಗಳಿಂದ ಆಮ್ಲ ತಗ್ಗಿಸಿದರೂ ಹುಣ್ಣು ಮಾಯುತ್ತದೆ. ಆದರೆ ಕೆಟ್ಟ ಹಿಡಿತ ಸರಿಯಾಗದ ಕಾರಣ, ಮಾತ್ರೆ ಬಿಟ್ಟ ಒಂದು ವರ್ಷದೊಳಗೆ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಮುಂಗರುಳಿನ ಹುಣ್ಣು ಮರುಕಳಿಸುತ್ತಿತ್ತು. ಬ್ಯಾಕ್ಟೀರಿಯಾವನ್ನು ನಿರ್ಮೂಲ ಮಾಡಿದರೆ ಅದು ಬಲು ಅಪರೂಪವಾಗುತ್ತದೆ. ನಮ್ಮಲ್ಲಿ ಎದೆಯುರಿ, ಹೊಟ್ಟೆಯುಬ್ಬರ, ತೇಗು ಎಲ್ಲವೂ ಗ್ಯಾಸ್ಟ್ರಿಕ್ ಎಂಬ ಒಂದೇ ಹೆಸರಿನಡಿ ಬಂದುಬಿಡುವುದರಿಂದ, ಬೆಳಿಗ್ಗೆ ಬರಿಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುವುದು ಎಷ್ಟೋ ಮನೆಗಳಲ್ಲಿ ಕಾಫಿಯಷ್ಟೇ ರೂಢಿಯಾಗಿದೆ. ಇದರಿಂದ ಎರಡು ತೊಡಕುಗಳಿವೆ. ಈ ಮಾತ್ರೆ ಬ್ಯಾಕ್ಟೀರಿಯಾದ ಸಂಖ್ಯೆಯನ್ನು ತಾತ್ಕಾಲಿಕವಾಗಿ ತಗ್ಗಿಸುವುದರಿಂದ ಉಸಿರಿನ ಪರೀಕ್ಷೆ, ಮಲದ ಪರೀಕ್ಷೆಗಳು ಸೋಂಕಿದ್ದರೂ ಇಲ್ಲವೆಂದು ತೋರಿಸಬಹುದು. ಆದ್ದರಿಂದಲೇ ಪರೀಕ್ಷೆಗೆ ಎರಡು ವಾರ ಮುಂಚೆ ಇದನ್ನೂ, ನಾಲ್ಕು ವಾರ ಮುಂಚೆ ಆಂಟಿಬಯೋಟಿಕ್‌ಗಳನ್ನೂ ನಿಲ್ಲಿಸಿರಬೇಕು ಎನ್ನುತ್ತಾರೆ. ಎರಡನೆಯದಾಗಿ, ಸೋಂಕನ್ನು ಹಾಗೆಯೇ ಬಿಟ್ಟು ವರ್ಷಗಟ್ಟಲೆ ಆಮ್ಲವನ್ನು ಅಡಗಿಸಿದರೆ ಗ್ಯಾಸ್ಟ್ರಿನ್ ಇನ್ನೂ ಏರುತ್ತದೆ, ಆಂಟ್ರಮ್‌ನಲ್ಲಿದ್ದ ಉರಿಯೂತ ಒಡಲಿನ ಕಡೆಗೆ ಸರಿಯುವ ಪ್ರವೃತ್ತಿ ತೋರುತ್ತದೆ.

ನಿರ್ಮೂಲನಕ್ಕೆ ಸಾಮಾನ್ಯವಾಗಿ 14 ದಿನಗಳ ಕಾಲ ಆಮ್ಲ ತಗ್ಗಿಸುವ ಮಾತ್ರೆಯ ಜೊತೆ ಎರಡು ಆಂಟಿಬಯೋಟಿಕ್‌ಗಳನ್ನು, ಅನೇಕ ಸಲ ಬಿಸ್ಮತ್ತನ್ನೂ ಸೇರಿಸಿ ಕೊಡುತ್ತಾರೆ. ಮೆಟ್ರೋನಿಡಜೋಲ್‌ನಂಥ ಔಷಧಿಗಳನ್ನು ಭೇದಿಗೆಲ್ಲ ಬೇಕಾಬಿಟ್ಟಿ ಬಳಸಿರುವ ನಮ್ಮ ದೇಶದಲ್ಲಿ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ತಳಿಗಳು ಬಹಳ. ಹೀಗಾಗಿ ಐದಾರು ದಿನಕ್ಕೆ ನೋವು ಕಡಿಮೆಯಾಯಿತೆಂದು ಮಾತ್ರೆ ಬಿಡುವುದು ಅಪಾಯದ ಕೆಲಸ, ಚಿಕಿತ್ಸೆ ಮುಗಿದು ಕನಿಷ್ಠ ನಾಲ್ಕು ವಾರಗಳ ನಂತರ ಮರುಪರೀಕ್ಷೆ ಮಾಡಿಸುವುದು ಅಗತ್ಯ. ರಕ್ತದ ಆಂಟಿಬಾಡಿ ಪರೀಕ್ಷೆ ಇದಕ್ಕೆ ಉಪಯೋಗಕ್ಕೆ ಬಾರದು. ಬ್ಯಾಕ್ಟೀರಿಯಾ ಹೋದ ಮೇಲೂ ಆಂಟಿಬಾಡಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದಿರುತ್ತದೆ. ಮಂಡಿನೋವಿಗೆ ನುಂಗುವ ಡೈಕ್ಲೋಫೆನಾಕ್, ಹೃದಯಕ್ಕೆಂದು ತೆಗೆದುಕೊಳ್ಳುವ ಆಸ್ಪಿರಿನ್‌ಗಳಿಂದಲೂ ಹುಣ್ಣು ಆಗುತ್ತದೆ, ಸೋಂಕೂ ಇದ್ದರೆ ಅಪಾಯ ಇಮ್ಮಡಿಯಲ್ಲ, ಅದಕ್ಕೂ ಹೆಚ್ಚು. ಮಲ ಡಾಂಬರಿನಂತೆ ಕಪ್ಪಗಾದರೆ, ರಕ್ತವಾಂತಿಯಾದರೆ, ಕಾರಣವಿಲ್ಲದೆ ತೂಕ ಇಳಿದರೆ, ನುಂಗಲು ಕಷ್ಟವಾದರೆ ಮಾತ್ರೆಯಂಗಡಿಯ ಸಲಹೆಗೆ ನಿಲ್ಲದೆ ಎಂಡೋಸ್ಕೋಪಿಗೆ ಹೋಗಬೇಕು.

ಬ್ಯಾಕ್ಟೀರಿಯಾ ತೊಲಗಿದ ಮೇಲೆ ಹಾರ್ಮೋನುಗಳು ಮರಳಿ ಹದಕ್ಕೆ ಬರುವ ವೇಗವೂ ಎರಡು ಬಗೆಯದು. ಆಂಟ್ರಮ್‌ಗೆ ಸೀಮಿತವಾಗಿದ್ದ ಸೋಂಕಿನಲ್ಲಿ ಸೊಮಾಟೊಸ್ಟಾಟಿನ್ ಚೇತರಿಸಿಕೊಂಡು ಕೆಲವೇ ವಾರಗಳಲ್ಲಿ ಗ್ಯಾಸ್ಟ್ರಿನ್ ಇಳಿಯುತ್ತದೆ, ಗ್ಯಾಸ್ಟ್ರಿನ್‌ನಿಂದ ಪ್ರಚೋದಿತವಾಗುವ ಆಮ್ಲವೂ ತಿಂಗಳುಗಳಲ್ಲಿ ಸಹಜ ಮಟ್ಟದತ್ತ ಬರುತ್ತದೆ. ಒಡಲಿನ ಉರಿಯೂತದಿಂದ ತಾತ್ಕಾಲಿಕವಾಗಿ ಆಮ್ಲ ಕುಗ್ಗಿದ್ದರೆ ಅದೂ ಬಹುಮಟ್ಟಿಗೆ ಮರಳುತ್ತದೆ. ಆದರೆ ಪರೈಟಲ್ ಕೋಶಗಳು ನಶಿಸಿ, ಜಠರದ ಒಳಪದರ ಕರುಳಿನ ರೂಪಕ್ಕೆ ತಿರುಗಿಬಿಟ್ಟಿದ್ದರೆ ಚೇತರಿಕೆ ಅರೆಬರೆಯಾಗಿರುತ್ತದೆ. ಅಂಥ ಬದಲಾವಣೆ ವ್ಯಾಪಕವಾಗಿ ಹಬ್ಬಿರುವವರಿಗೆ ಸೋಂಕು ವಾಸಿಯಾದ ನಂತರವೂ ಕೆಲವು ವರ್ಷಗಳಿಗೊಮ್ಮೆ ಎಂಡೋಸ್ಕೋಪಿ ಮಾಡಿ ಒಳಪದರದ ಚೂರುಗಳನ್ನು ಪರೀಕ್ಷಿಸುವಂತೆ ವೈದ್ಯರು ಸೂಚಿಸುತ್ತಾರೆ.